ಐದು ವರ್ಷ ಓಡಿಸಿದ ಇ-ಮೌಂಟನ್ ಬೈಕು: ವರ್ಷಕ್ಕೊಂದು ಹೊಸ ಮಾಡೆಲ್ ಬೇಕಾ?

ಮೊದಲು ತೀರ್ಪು ಹೇಳಿಬಿಡುತ್ತೇನೆ. ನನ್ನ 2020ರ ಇ-ಮೌಂಟನ್ ಬೈಕು, ಅಂದರೆ ಪೆಡಲ್ ತುಳಿಯುವಾಗ ಮೋಟಾರು ನೆರವಾಗುವ ಗುಡ್ಡಗಾಡಿನ ಸೈಕಲ್ಲು, ಇವತ್ತಿಗೂ ಚೆನ್ನಾಗಿದೆ. 2025ರ ಮಾಡೆಲ್ ಅದಕ್ಕಿಂತ ಚೆನ್ನಾಗಿದೆ. ಇವೆರಡರ ನಡುವೆ ಅಂಗಡಿಗೆ ಬಂದ ಮಾಡೆಲ್‌ಗಳಲ್ಲಿ ಹೆಚ್ಚಿನವು ಬರದೇ ಇದ್ದಿದ್ದರೂ ಓಡಿಸುವವರಿಗೆ ಏನೂ ನಷ್ಟ ಆಗುತ್ತಿರಲಿಲ್ಲ. ಇಲ್ಲಿನ ಕನ್ನಡ ಗೆಳೆಯರು ಬೈಕ್ ಕೊಳ್ಳುವ ಮುಂಚೆ ನನ್ನ ಹತ್ತಿರ ಕೇಳುವುದು ಒಂದೇ ಮಾತು: "ಈಗಲೇ ತಗೊಳ್ಳಲಾ, ಇಲ್ಲಾ ಮುಂದಿನ ವರ್ಷ ಹೊಸದು ಬರುತ್ತಂತಲ್ಲ, ಕಾಯಲಾ?" ಅವರಿಗೆಲ್ಲ ಒಟ್ಟಿಗೆ ಉತ್ತರ ಕೊಡುವುದಕ್ಕೇ ಈ ರಿವ್ಯೂ.

ನಾನಿರುವುದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಹಾಗಾಗಿ ಗುಡ್ಡ, ಕಾಡು ಅಂದರೆ ಪ್ರಾಣ. ಇಲ್ಲಿ ನನಗೆ ಸಿಕ್ಕಿದ್ದು ಶ್ವೇಬಿಶೆ ಆಲ್ಬ್ ಬೆಟ್ಟಸಾಲು. ಸುಣ್ಣಕಲ್ಲಿನ ಬೆಟ್ಟ. ಬಯಲಿನಿಂದ ಒಮ್ಮೆಲೇ ನೆಟ್ಟಗೆ ಏಳುತ್ತದೆ, ಬುಡದಿಂದ ಮೇಲಕ್ಕೆ ಬೀಚ್ ಮರದ ಕಾಡು. ಮಳೆ ಬಿದ್ದರೆ ಕಲ್ಲೂ ಬೇರೂ ವಿಪರೀತ ಜಾರುತ್ತವೆ. ಈ ರಾಜ್ಯದ ಅರಣ್ಯ ಕಾನೂನಿನ ಪ್ರಕಾರ ಎರಡು ಮೀಟರಿಗಿಂತ ಕಿರಿದಾದ ಕಾಡುದಾರಿಯಲ್ಲಿ, ಸೈಕಲ್ಲಿಗೆ ಅಂತ ಗುರುತು ಮಾಡಿದ್ದು ಬಿಟ್ಟರೆ, ಓಡಿಸುವ ಹಾಗಿಲ್ಲ. ಅದಕ್ಕೇ ಅಗಲ ದಾರಿಯಲ್ಲಿ ಹತ್ತಿ, ಅನುಮತಿ ಇರುವ ಟ್ರೇಲ್‌ನಲ್ಲಿ ಇಳಿಯುತ್ತೇನೆ. ಗ್ಯೋನಿಂಗನ್ ಊರಿಂದ 869 ಮೀಟರ್ ಎತ್ತರದ ರೊಸ್‌ಬೆರ್ಗ್‌ಗೆ ಹೋಗುವ ಏರು ನನ್ನ ಪರೀಕ್ಷೆಯ ಜಾಗ. ಪಕ್ಕದ ರಾಯ್ಟ್ಲಿಂಗನ್ ಕಡೆಯೇ ಬಾಷ್ ಕಂಪನಿಯ ಇ-ಬೈಕ್ ವಿಭಾಗ ಇದೆ. ಈ ಕಾಡಿನಲ್ಲಿ ಎದುರಿಗೆ ಬರುವ ಬೈಕುಗಳಲ್ಲಿ ಬಾಷ್ ಮೋಟಾರಿನದ್ದೇ ಜಾಸ್ತಿ ಅನ್ನುವುದರಲ್ಲಿ ಆಶ್ಚರ್ಯ ಏನೂ ಇಲ್ಲ.

ನನ್ನದರಲ್ಲೂ ಬಾಷ್ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್, ನಾಲ್ಕನೇ ತಲೆಮಾರಿನ ಮೋಟಾರು. 625 ವ್ಯಾಟ್-ಅವರ್ (ಎಷ್ಟು ವಿದ್ಯುತ್ ತುಂಬುತ್ತದೆ ಅನ್ನುವ ಅಳತೆ) ಬ್ಯಾಟರಿ, ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್, 29 ಇಂಚಿನ ಚಕ್ರ, ಅಲ್ಯೂಮಿನಿಯಂ ಫ್ರೇಮ್. ಫ್ರೇಮ್ ಮಾಡಿದ ಕಂಪನಿಯ ಹೆಸರು ಇಲ್ಲಿ ಹೇಳುವುದಿಲ್ಲ. ಮುಂದೆ ಒಂದು ದೂರು ಇದೆ, ಅದು ಆ ಒಂದು ಕಂಪನಿಯ ಕತೆ ಮಾತ್ರ ಅಲ್ಲ.

ಬೈಕ್ ಕೈಗೆ ಬಂದಾಗ ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, 75 ನ್ಯೂಟನ್ ಮೀಟರ್. ಆಮೇಲೆ 2020ರ ಬೇಸಿಗೆಯಲ್ಲಿ ಬಾಷ್ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಿಟ್ಟಿತು. ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಬೈಕನ್ನು ಸ್ಟ್ಯಾಂಡಿಗೆ ಏರಿಸಿ, ಡಿಸ್‌ಪ್ಲೇಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪ್ ತೆರೆದರು. ಅಷ್ಟೇ ಕೆಲಸ. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಬೈಕು ಕೆಳಗಿಳಿದಾಗ ಅದೇ ಮೋಟಾರು 85 ನ್ಯೂಟನ್ ಮೀಟರ್ ಕೊಡುತ್ತಿತ್ತು. ಆದರೆ ನನಗೆ ಮುಖ್ಯ ಅನಿಸಿದ್ದು ಆ ಹತ್ತು ಅಲ್ಲ. ರೊಸ್‌ಬೆರ್ಗ್ ಏರಿನಲ್ಲಿ ಮೊಣಕಾಲುದ್ದ ಬೇರುಗಳು ಅಡ್ಡ ಮಲಗಿರುವ ಒಂದು ಜಾಗ ಇದೆ. ಅಲ್ಲಿ ಪೆಡಲ್ ಪೂರ್ತಿ ತಿರುಗಿಸಿದರೆ ಬೇರಿಗೆ ತಾಗುತ್ತದೆ. ನಿಲ್ಲಿಸಿದರೆ ಮೋಟಾರೂ ನಿಂತು ಬೈಕು ಹಿಂದಕ್ಕೆ ಬರುತ್ತದೆ. ಅಪ್‌ಡೇಟ್ ಆದ ಮೇಲೆ ಗುಡ್ಡದ ಸವಾರಿಗೆ ಇರುವ ಇ-ಎಂಟಿಬಿ ಮೋಡ್‌ನಲ್ಲಿ ಪೆಡಲನ್ನು ಒಮ್ಮೆ ಗಟ್ಟಿಯಾಗಿ ಅರ್ಧ ಸುತ್ತು ಒತ್ತಿ ಬಿಟ್ಟರೂ ಮೋಟಾರು ಇನ್ನೊಂದು ಕ್ಷಣ ತಳ್ಳುತ್ತದೆ. ಆ ಒಂದು ಕ್ಷಣದಲ್ಲಿ ಹಿಂದಿನ ಚಕ್ರ ಬೇರು ದಾಟಿ ಆಚೆ ಬಿದ್ದಿರುತ್ತದೆ. ಇಳಿದು ನೂಕುತ್ತಿದ್ದ ಜಾಗದಲ್ಲಿ ಕೂತೇ ಹತ್ತಿದೆ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ಈ ಐದು ವರ್ಷದಲ್ಲಿ ನನ್ನ ಬೈಕಿಗೆ ಸಿಕ್ಕ ಅತಿ ದೊಡ್ಡ ಸುಧಾರಣೆ ಇದೇ. ಇದಕ್ಕೆ ಹೊಸ ಫ್ರೇಮ್ ಬೇಕಾಗಲಿಲ್ಲ, ಹೊಸ ಮಾಡೆಲ್ ಹೆಸರೂ ಬೇಕಾಗಲಿಲ್ಲ.

ಹಾಗಂತ ಹಳೆಯದೇ ಸಾಕು, ಏನೂ ಬದಲಾಗಬಾರದು ಅಂತ ನಾನು ಹೇಳುತ್ತಿಲ್ಲ. ಬಾಷ್‌ನ ಹಿಂದಿನ ಸಿಎಕ್ಸ್ ಮೋಟಾರು ಸುಮಾರು 4 ಕಿಲೋ ತೂಗುತ್ತಿತ್ತು. ಮುಂದಿನ ಚೈನ್‌ರಿಂಗ್, ಅಂದರೆ ಪೆಡಲಿನ ಹತ್ತಿರ ಚೈನ್ ಕೂರುವ ಹಲ್ಲಿನ ಚಕ್ರ, ಅಂಗೈಗಿಂತ ಚಿಕ್ಕದು. ಪೆಡಲ್ ಒಂದು ಸುತ್ತು ಬಂದರೆ ಅದು ಎರಡೂವರೆ ಸುತ್ತು ತಿರುಗಬೇಕಿತ್ತು. ಮೋಟಾರು ಸಹಾಯ ನಿಲ್ಲಿಸುವ 25 ಕಿಲೋಮೀಟರ್ ವೇಗ ದಾಟಿದರೆ ಕಾಲಿಗೆ ಎಳೆತ ಗೊತ್ತಾಗುತ್ತಿತ್ತು. 2019ರಲ್ಲಿ ಬಂದ ನಾಲ್ಕನೇ ತಲೆಮಾರು 2.9 ಕಿಲೋಗೆ ಇಳಿಯಿತು, ಮಾಮೂಲಿ ಅಳತೆಯ ಚೈನ್‌ರಿಂಗ್ ಬಂತು, ಎಳೆತ ಹೋಯಿತು. ಅದು ಹೊಸ ಮಾಡೆಲ್ ಅನ್ನುವ ಹೆಸರಿಗೆ ತಕ್ಕ ಬದಲಾವಣೆ. ಅದರ ಮುಂದಿನ ತಲೆಮಾರು ಬಂದಿದ್ದು 2024ರಲ್ಲಿ. ನಡುವೆ ಐದು ವರ್ಷ. ನನ್ನ ಪ್ರಕಾರ ಇದೇ ಸರಿಯಾದ ಅಂತರ.

ಇಲ್ಲಿ ಒಂದು ತಾಂತ್ರಿಕ ವಿಷಯ ಅರ್ಥ ಮಾಡಿಕೊಳ್ಳಬೇಕು. ಮಾಮೂಲಿ ಸೈಕಲ್ಲಿನಲ್ಲಿ ಗೇರ್ ಬದಲಾದರೆ ಫ್ರೇಮ್ ಬದಲಾಗಬೇಕಿಲ್ಲ. ಇ-ಬೈಕಿನಲ್ಲಿ ಮೋಟಾರು ಕೂರುವ ಗೂಡು ಫ್ರೇಮಿನದ್ದೇ ಭಾಗ. ಬ್ಯಾಟರಿ ಕೂರುವ ಕೊಳವೆಯೂ ಅಷ್ಟೇ. ಮೋಟಾರಿನ ಬೋಲ್ಟ್ ಜಾಗ ಸ್ವಲ್ಪ ಸರಿದರೂ ಫ್ರೇಮ್ ಕಂಪನಿ ಪ್ರತಿ ಸೈಜಿಗೂ ಹೊಸ ಅಚ್ಚು ಮಾಡಿಸಬೇಕು. ಆ ಖರ್ಚು ಕೊನೆಗೆ ನಮ್ಮ ಬಿಲ್ಲಿಗೇ ಬರುತ್ತದೆ. ಅದಕ್ಕೇ ಇನ್ನೊಂದು ಮೋಟಾರು ಕಂಪನಿ ಶಿಮಾನೋ 2020ರಲ್ಲಿ ಮಾಡಿದ್ದು ನನಗೆ ತುಂಬಾ ಹಿಡಿಸಿತು. ಹಳೇ ಇ8000 ಮೋಟಾರಿನ ಜಾಗಕ್ಕೆ ಇಪಿ8 ತಂದರು. ಟಾರ್ಕ್ 70ರಿಂದ 85ಕ್ಕೆ ಏರಿತು, ತೂಕ 2.6 ಕಿಲೋಗೆ ಇಳಿಯಿತು. ಬೋಲ್ಟ್ ಕೂರುವ ಜಾಗ ಮಾತ್ರ ಹಾಗೇ ಇಟ್ಟರು. ಫ್ರೇಮ್ ಮಾಡುವವರು ಹಳೇ ಅಚ್ಚಿನಲ್ಲೇ ಹೊಸ ಮೋಟಾರು ಕೂರಿಸಬಹುದಾಯಿತು.

ಬಾಷ್ 2021ರಲ್ಲಿ ತಂದ ಸ್ಮಾರ್ಟ್ ಸಿಸ್ಟಮ್ ಬಗ್ಗೆ ನನ್ನ ಅಭಿಪ್ರಾಯ ಅರ್ಧ ಮೆಚ್ಚುಗೆ, ಅರ್ಧ ಬೇಜಾರು. 750 ವ್ಯಾಟ್-ಅವರ್ ಬ್ಯಾಟರಿ ಬಂತು, ಅಪ್‌ಡೇಟ್ ಫೋನಿನಿಂದಲೇ ಆಗುವ ಹಾಗಾಯಿತು. ಅದು ಒಳ್ಳೆಯದೇ. ಆದರೆ ಹಳೇ ಸಿಸ್ಟಮ್‌ನ ಬ್ಯಾಟರಿಯಾಗಲಿ ಡಿಸ್‌ಪ್ಲೇಯಾಗಲಿ ಹೊಸದಕ್ಕೆ ಹೊಂದುವುದಿಲ್ಲ, ಹೊಸದು ಹಳೆಯದಕ್ಕೂ ಹೊಂದುವುದಿಲ್ಲ. ಮೋಟಾರಿನ ತಲೆಮಾರು ಅದೇ, ಒಳಗಿನ ಎಲೆಕ್ಟ್ರಾನಿಕ್ಸ್ ಬೇರೆ. 2019ರಲ್ಲಿ ಅಷ್ಟು ದೊಡ್ಡ ಹೆಜ್ಜೆ ಇಟ್ಟ ಮೇಲೆ ಎರಡೇ ವರ್ಷಕ್ಕೆ ಹೀಗೆ ಗೆರೆ ಎಳೆದಿದ್ದು ಬೇಗ ಆಯಿತು. ಆ ಎಲೆಕ್ಟ್ರಾನಿಕ್ಸನ್ನು 2019ರಲ್ಲೇ ತಂದಿದ್ದರೆ, ಇಲ್ಲಾ 2024ರವರೆಗೆ ಕಾದಿದ್ದರೆ, ನಮ್ಮಂಥವರು ಅಷ್ಟು ಬೇಗ ಹಳಬರಾಗುತ್ತಿರಲಿಲ್ಲ.

ಈಗ ನನ್ನ ದೂರು. ಫ್ರೇಮಿನ ಕೆಳಗಿನ ಓರೆ ಕೊಳವೆ, ಅಂದರೆ ಡೌನ್‌ಟ್ಯೂಬಿನ ಕೆಳಗೆ, ಬ್ಯಾಟರಿ ಮುಚ್ಚುವ ಒಂದು ಪ್ಲಾಸ್ಟಿಕ್ ಕವರ್ ಇದೆ. ಕಲ್ಲು ಸಿಡಿದರೆ ಏಟು ತಿನ್ನುವುದು ಅದೇ. ಮೂರನೇ ಚಳಿಗಾಲದಲ್ಲಿ ಅದರ ಎರಡು ಕ್ಲಿಪ್‌ಗಳಲ್ಲಿ ಒಂದು ಮುರಿಯಿತು. ಅಂಗಡಿಯವರು ಆರ್ಡರ್ ಹಾಕೋಣ ಅಂತ ನೋಡಿದರೆ ಸ್ಟಾಕ್ ಇಲ್ಲ, ಇನ್ನು ಬರುವುದೂ ಇಲ್ಲ. ಹೊಸ ಮಾಡೆಲಿನ ಕವರ್ ತರಿಸಿ ಪಕ್ಕದಲ್ಲಿಟ್ಟು ನೋಡಿದೆವು. ಉದ್ದ ಅದೇ, ಅಗಲ ಅದೇ. ಎರಡು ಕ್ಲಿಪ್ಪಿನ ಬದಲು ಒಂದು ಕೊಂಡಿ, ಒಂದು ಸ್ಕ್ರೂ. ಅದು ಉತ್ತಮವೇ, ಬಿಡಿ. ಆದರೆ ಸ್ಕ್ರೂ ಕೂರಲು ಫ್ರೇಮಿನಲ್ಲಿ ಒಂದು ತೂತು ಬೇಕು, ನನ್ನ ಫ್ರೇಮಿನಲ್ಲಿ ಅದಿಲ್ಲ. ಸಾವಿರಾರು ಯೂರೋ ಕೊಟ್ಟ ಬೈಕು, ಅಂಗೈಯಗಲದ ಪ್ಲಾಸ್ಟಿಕ್ಕಿಗಾಗಿ ಟೇಪ್ ಸುತ್ತಿಕೊಂಡು ಓಡಾಡಿತು. ಕೊನೆಗೆ ಸಹೋದ್ಯೋಗಿಯೊಬ್ಬರು ಮುರಿದ ಕ್ಲಿಪ್ಪಿನ ಅಳತೆ ತೆಗೆದು 3ಡಿ ಪ್ರಿಂಟರಿನಲ್ಲಿ ಹೊಸದು ಮಾಡಿಕೊಟ್ಟರು. ಈಗಲೂ ಅದೇ ಇದೆ, ಗಟ್ಟಿಯಾಗಿದೆ.

ಅದೇ ಹೊತ್ತಿಗೆ ಹಿಂದಿನ ಸಸ್ಪೆನ್ಷನ್ನಿನ ಬೇರಿಂಗ್‌ಗಳೂ ಸವೆದವು. ಅದಕ್ಕೆ ಯಾವ ಕಷ್ಟವೂ ಆಗಲಿಲ್ಲ. 6902 ಅಂತ ಅದರ ಮೇಲೇ ಬರೆದಿರುತ್ತದೆ. 15 ಮಿಲಿಮೀಟರ್ ಒಳ ಅಳತೆ, 28 ಹೊರ ಅಳತೆ, 7 ಅಗಲ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹುಡುಕಿದರೂ ಸಿಕ್ಕೀತು. ಯಾವ ವರ್ಷದ ಬೈಕು ಅಂತ ಯಾರೂ ಕೇಳಲಿಲ್ಲ. ಒಂದೇ ಬೈಕಿನಲ್ಲಿ ಎರಡು ಭಾಗ. ಒಂದರ ಅಳತೆಗೆ ಹೆಸರಿದೆ, ಇನ್ನೊಂದರ ಅಳತೆ ವರ್ಷಕ್ಕೊಮ್ಮೆ ಬದಲಾಗುತ್ತದೆ. ನಮ್ಮ ಮನೆಗಳಲ್ಲಿ ಮಿಕ್ಸಿ ಯಾಕೆ ಅಷ್ಟು ವರ್ಷ ಬಾಳುತ್ತಿತ್ತು? ಜಾರ್ ಹೋದರೆ ಜಾರ್, ಕಪ್ಲರ್ ಹೋದರೆ ಕಪ್ಲರ್, ಪೇಟೆಯಲ್ಲಿ ಸಿಗುತ್ತಿತ್ತು, ಹಳೇ ಮೋಟಾರಿನ ಮೇಲೆ ಕೂರುತ್ತಿತ್ತು. ಇ-ಬೈಕಿನಿಂದ ನಾನು ಕೇಳುವುದು ಇಷ್ಟೇ.

ಸೈಕಲ್ ಲೋಕ ಇದನ್ನು ಮಾಡಬಲ್ಲದು ಅನ್ನುವುದಕ್ಕೆ ಸಾಕ್ಷಿಯೂ ಇದೆ. ಹಿಂದಿನ ಗೇರ್ ತೂಗುಹಾಕುವ ಹ್ಯಾಂಗರ್ ಅನ್ನುವ ಪುಟ್ಟ ಲೋಹದ ತುಂಡು ಒಂದೊಂದು ಬ್ರ್ಯಾಂಡಿಗೆ ಒಂದೊಂದು ಥರ ಇತ್ತು. ಅದು ಬಗ್ಗಿದರೆ ಸವಾರಿ ಅಲ್ಲಿಗೇ ಮುಗಿಯಿತು. ಸ್ರ್ಯಾಮ್ ಕಂಪನಿ 2019ರಲ್ಲಿ ಎಲ್ಲರಿಗೂ ಒಂದೇ ಅಳತೆಯ ಯುಡಿಎಚ್ ಹ್ಯಾಂಗರ್ ತಂದಿತು. ಬೇರೆ ಬೇರೆ ಬ್ರ್ಯಾಂಡಿನವರೂ ಅದನ್ನೇ ಹಾಕತೊಡಗಿದರು. 2023ರಲ್ಲಿ ಅದೇ ಸ್ರ್ಯಾಮ್ ಹೊಸ ಟ್ರಾನ್ಸ್‌ಮಿಷನ್ ಗೇರ್ ತಂದಾಗ, ಯುಡಿಎಚ್ ಇದ್ದ ಹಳೇ ಫ್ರೇಮ್‌ಗಳಿಗೂ ಅದು ಕೂರುವ ಹಾಗಾಯಿತು. ಹೊಸದು ಬಂತು, ಹಳೆಯದೂ ಬದುಕಿತು.

ಮಾಡೆಲ್ ಬದಲಿಸುವ ವೇಗಕ್ಕೆ ಇನ್ನೊಂದು ಒಳ್ಳೆಯ ಉದಾಹರಣೆ ಸ್ಪೆಷಲೈಸ್ಡ್ ಕಂಪನಿಯ ಟರ್ಬೊ ಲೀವೊ ಇ-ಮೌಂಟನ್ ಬೈಕು. ಮೊದಲನೆಯದು 2015, ಎರಡನೆಯದು 2018, ಮೂರನೆಯದು 2021, ನಾಲ್ಕನೆಯದು 2025. ಮೂರು, ಮೂರು, ನಾಲ್ಕು. ಪ್ರತಿ ಸಲವೂ ಕೈಗೆ ಸಿಗುವಂಥ ಕಾರಣ ಇತ್ತು. ಎರಡನೆಯದಕ್ಕೆ 700 ವ್ಯಾಟ್-ಅವರ್ ಬ್ಯಾಟರಿ ಬಂತು. ಮೂರನೆಯದಕ್ಕೆ ಹಿಂದೆ 27.5 ಇಂಚಿನ ಚಕ್ರ ಬಂತು, ಮುಂಭಾಗದ ಕೋನವನ್ನು ನಾವೇ ಹೊಂದಿಸಿಕೊಳ್ಳಬಹುದಾಯಿತು. ಹಿಂದಿನ ಚಕ್ರ ಚಿಕ್ಕದಾದದ್ದು ನನ್ನಂಥ ಕುಳ್ಳಗಿನವರಿಗೆ ದೊಡ್ಡ ಉಪಕಾರ. ಕಡಿದಾದ ಇಳಿಜಾರಿನಲ್ಲಿ ಸೀಟಿನ ಹಿಂದಕ್ಕೆ ಸರಿದರೆ 29 ಇಂಚಿನ ಟೈರು ಪ್ಯಾಂಟಿಗೆ ಉಜ್ಜುತ್ತದೆ. 27.5 ಆದರೆ ಉಜ್ಜುವುದಿಲ್ಲ. ನನ್ನ ಬೈಕಿನಲ್ಲಿ ಇಲ್ಲದ, ಆದರೆ ಬೇಕು ಅನಿಸುವ ವಿಷಯ ಇದೊಂದೇ ಅಂದರೂ ತಪ್ಪಿಲ್ಲ.

ಇನ್ನು 2025ರ ಮಾಡೆಲ್. ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಂದು ಅದೇ ರೊಸ್‌ಬೆರ್ಗ್ ಹತ್ತಿಸಿದೆ. ಬಾಷ್ ಸಿಎಕ್ಸ್ ಐದನೇ ತಲೆಮಾರು, 800 ವ್ಯಾಟ್-ಅವರ್ ಬ್ಯಾಟರಿ. ಏರಿನಲ್ಲಿ ವ್ಯತ್ಯಾಸ ಇದೆ, ಆದರೆ ಐದು ವರ್ಷದಷ್ಟು ಇಲ್ಲ. ನಿಜವಾದ ವ್ಯತ್ಯಾಸ ಇಳಿಜಾರಿನಲ್ಲಿ. ಹಿಂದಿನ ತಲೆಮಾರಿನ ಮೋಟಾರುಗಳಲ್ಲಿ ಪೆಡಲ್ ನಿಲ್ಲಿಸಿ ಕಲ್ಲಿನ ಮೇಲೆ ಇಳಿಯುವಾಗ ಒಳಗಿನ ಗೇರುಗಳು ಕಟಕಟ ಅನ್ನುತ್ತವೆ. ಬಾಷ್ ಅಷ್ಟೇ ಅಲ್ಲ, ಶಿಮಾನೋ ಇಪಿ8 ಕೂಡ ಹಾಗೇ. ಸವಾರರೆಲ್ಲರಿಗೂ ಗೊತ್ತಿದ್ದ ವಿಷಯ. ಹೊಸ ಮೋಟಾರಿನಲ್ಲಿ ಆ ಸದ್ದು ಹೋಗಿದೆ. ಟೈರಿನ ಸದ್ದು, ಎಲೆಯ ಸದ್ದು ಕೇಳಿಸುತ್ತದೆ. ಕಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. 800ರ ಬ್ಯಾಟರಿ 3.9 ಕಿಲೋ ಅಷ್ಟೇ, ಹಿಂದಿನ 750ರದ್ದಕ್ಕಿಂತಲೂ ಹಗುರ. ಇದು ಕೆಲಸ ಮಾಡಿ ಗಳಿಸಿದ ಸುಧಾರಣೆ. ಇದಕ್ಕೆ ಐದು ವರ್ಷ ಹಿಡಿಯಿತು ಅಂದರೆ ನನಗೆ ನಂಬಿಕೆ ಬರುತ್ತದೆ.

ಆ ಮೋಟಾರಿಗೆ 2025ರ ಜುಲೈನಲ್ಲಿ ಮತ್ತೆ ಸಾಫ್ಟ್‌ವೇರ್ ಅಪ್‌ಡೇಟ್ ಬಂತು. 85 ಇದ್ದ ಟಾರ್ಕನ್ನು 100 ನ್ಯೂಟನ್ ಮೀಟರಿಗೆ, ಗರಿಷ್ಠ ಶಕ್ತಿಯನ್ನು 750 ವ್ಯಾಟಿಗೆ ಏರಿಸಿಕೊಳ್ಳಬಹುದು, ಆ್ಯಪ್‌ನಲ್ಲೇ. ಇದರ ಹಿಂದಿನ ಒತ್ತಡ ಎಲ್ಲರಿಗೂ ಗೊತ್ತು. ಡ್ರೋನ್ ಮಾಡುವ ಡಿಜೆಐ 2024ರಲ್ಲಿ ಅವಿನಾಕ್ಸ್ ಮೋಟಾರು ತೋರಿಸಿತು. 2.52 ಕಿಲೋ ತೂಕ, 105 ನ್ಯೂಟನ್ ಮೀಟರ್, ಸ್ವಲ್ಪ ಹೊತ್ತು ಸಿಗುವ ಬೂಸ್ಟ್‌ನಲ್ಲಿ 120. ಅಲ್ಲಿಂದ ಎಲ್ಲರಿಗೂ ಆತುರ ಶುರುವಾಯಿತು. ಹೊಸಬರು ಬಂದರೆ ಹಳಬರು ಚುರುಕಾಗುತ್ತಾರೆ, ಅದು ಒಳ್ಳೆಯದೇ. ಆದರೆ ಈ ಪೈಪೋಟಿಯಲ್ಲಿ ಮತ್ತೆ ವರ್ಷಕ್ಕೊಂದು ಮಾಡೆಲ್ ಚಾಳಿ ಬರುತ್ತದೇನೋ ಅನ್ನುವ ಭಯ ನನಗಿದೆ. ಜರ್ಮನಿಯ ಸೈಕಲ್ ಉದ್ಯಮದ ಸಂಘ ಝಡ್‌ಐವಿ ಕೂಡ ಗರಿಷ್ಠ ಶಕ್ತಿಗೆ 750 ವ್ಯಾಟ್ ಮಿತಿ ಇರಲಿ ಅಂತ ಹೇಳಿದೆ. ನನಗೂ ಸರಿ ಅನಿಸುತ್ತದೆ. ಒದ್ದೆ ಸುಣ್ಣಕಲ್ಲಿನ ಮೇಲೆ 120 ನ್ಯೂಟನ್ ಮೀಟರ್ ಕೊಟ್ಟರೆ ಚಕ್ರ ನಿಂತಲ್ಲೇ ತಿರುಗುತ್ತದೆ, ದಾರಿಯೂ ಹಾಳಾಗುತ್ತದೆ.

ವರ್ಷಕ್ಕೊಂದು ಮಾಡೆಲ್ ಯಾಕೆ ಬರುತ್ತದೆ ಅನ್ನುವುದಕ್ಕೆ ಇಲ್ಲಿನ ಇನ್ನೊಂದು ಕಾರಣ ಕಂಪನಿ ಲೀಸ್. ಕೆಲಸ ಕೊಟ್ಟವರ ಮೂಲಕ ಬೈಕ್ ತಗೊಂಡರೆ ಸಂಬಳದಿಂದ ಕಂತು ಹೋಗುತ್ತದೆ, ತೆರಿಗೆ ಉಳಿಯುತ್ತದೆ. ಅವಧಿ ಸಾಮಾನ್ಯವಾಗಿ 36 ತಿಂಗಳು. ನಾನೂ ಹೀಗೇ ತಗೊಂಡಿದ್ದು. ಮೂರು ವರ್ಷ ಮುಗಿದಾಗ ಎರಡು ದಾರಿ: ಬೈಕ್ ವಾಪಸ್ ಕೊಟ್ಟು ಹೊಸದು, ಇಲ್ಲಾ ಮೂಲ ಬೆಲೆಯ ಸಣ್ಣ ಭಾಗ ಕೊಟ್ಟು ಅದನ್ನೇ ಇಟ್ಟುಕೊಳ್ಳುವುದು. ನನ್ನ ಜೊತೆ ತಗೊಂಡವರು ಹೆಚ್ಚಿನವರು ಹೊಸದಕ್ಕೆ ಹೋದರು. ನಾನು ಇಟ್ಟುಕೊಂಡೆ. ಮೂರು ವರ್ಷಕ್ಕೊಮ್ಮೆ ಇಷ್ಟು ಜನ ಅಂಗಡಿಗೆ ಬರುತ್ತಾರೆ ಅಂದಮೇಲೆ ಕಂಪನಿಗಳಿಗೆ ತೋರಿಸಲು ಏನಾದರೂ ಹೊಸದು ಬೇಕಲ್ವಾ? ಬಣ್ಣವಾದರೂ ಬದಲಾಗುತ್ತದೆ. ಅದರ ಫಲ ಕೊರೊನಾ ನಂತರ ಕಂಡೆವು. ಗೋದಾಮು ತುಂಬಾ ಬೈಕು, 2023 ಮತ್ತು 2024ರಲ್ಲಿ ಎಲ್ಲೆಲ್ಲೂ ಭಾರಿ ರಿಯಾಯಿತಿ. ಪೂರ್ತಿ ಬೆಲೆ ಕೊಟ್ಟವರ ಹೊಟ್ಟೆ ಉರಿಯಿತು, ಸಣ್ಣ ಅಂಗಡಿಯವರ ಕೈ ಸುಟ್ಟಿತು.

ಕಾನೂನು ಸ್ವಲ್ಪ ನೆರವಿಗೆ ಬರುತ್ತಿದೆ. ಯುರೋಪಿನ 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಇ-ಬೈಕ್ ಬ್ಯಾಟರಿಯನ್ನು ಹೊರಗಿನ ಮೆಕ್ಯಾನಿಕ್ ಕೂಡ ಬಿಚ್ಚಿ ಬದಲಿಸುವ ಹಾಗಿರಬೇಕು. ಆ ಮಾಡೆಲಿನ ಕೊನೆಯ ಬೈಕು ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ ಐದು ವರ್ಷ ಬದಲಿ ಬ್ಯಾಟರಿ ಸಿಗಬೇಕು. ಒಳ್ಳೆಯ ನಿಯಮ. ನನ್ನ ಆಸೆ ಇನ್ನೂ ದೊಡ್ಡದು. ಬ್ಯಾಟರಿಗೆ ಹತ್ತು ವರ್ಷ, ಕವರು ಮುಚ್ಚಳ ಕ್ಲಿಪ್ಪುಗಳಿಗೂ ಹತ್ತು ವರ್ಷ. ಮೋಟಾರು ಮತ್ತು ಬ್ಯಾಟರಿಯ ಅಳತೆ ಐದು ವರ್ಷಕ್ಕೊಮ್ಮೆ ಬದಲಾಗಲಿ. ಫ್ರೇಮ್ ಆ ಲೆಕ್ಕಕ್ಕೇ ನಡೆಯಲಿ. ನಡುವೆ ಸಾಫ್ಟ್‌ವೇರ್ ಬರಲಿ, ಬ್ರೇಕು, ಫೋರ್ಕು ಒಳ್ಳೆಯದಾಗಲಿ, ಅವೆಲ್ಲ ಹಳೇ ಫ್ರೇಮಿಗೂ ಕೂರಲಿ. ಬಣ್ಣ ಬೇಕಾದರೆ ತಿಂಗಳಿಗೊಮ್ಮೆ ಬದಲಿಸಲಿ, ಅಡ್ಡಿಯಿಲ್ಲ.

ಊರಿಗೆ ಬೈಕ್ ಕೊಂಡೊಯ್ಯುವ ಯೋಚನೆ ಇರುವವರಿಗೆ ಒಂದು ಮಾತು. ವಿಮಾನದಲ್ಲಿ ಪ್ರಯಾಣಿಕರು ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 160 ವ್ಯಾಟ್-ಅವರ್. ನನ್ನದು 625. ಹಾಗಾಗಿ ಬೈಕು ಬಂದರೂ ಬ್ಯಾಟರಿ ಬರುವುದಿಲ್ಲ. ಅಲ್ಲಿ ಅದೇ ಅಳತೆಯ ಬ್ಯಾಟರಿ ಸಿಗದಿದ್ದರೆ ಅದು ಬರೀ ಭಾರದ ಸೈಕಲ್ಲು.

ಹಾಗಾದರೆ ಈಗ ಏನು ಕೊಳ್ಳಬೇಕು? ಸೆಕೆಂಡ್ ಹ್ಯಾಂಡ್ 2020 ಅಥವಾ 2021ರ ಮಾಡೆಲ್, ನಾಲ್ಕನೇ ತಲೆಮಾರಿನ ಸಿಎಕ್ಸ್ ಇದ್ದದ್ದು ಕಡಿಮೆ ಬೆಲೆಗೆ ಸಿಕ್ಕರೆ ಧೈರ್ಯವಾಗಿ ತಗೊಳ್ಳಿ. ಆದರೆ ಕೊಳ್ಳುವ ಮುಂಚೆ ಡೀಲರ್ ಹತ್ತಿರ ಬ್ಯಾಟರಿ ಪರೀಕ್ಷೆ ಮಾಡಿಸಿ. ಎಷ್ಟು ಸಲ ಪೂರ್ತಿ ಚಾರ್ಜ್ ಆಗಿದೆ, ಎಷ್ಟು ಶಕ್ತಿ ಉಳಿದಿದೆ, ಎರಡೂ ಗೊತ್ತಾಗುತ್ತದೆ. ಬಾಷ್ ವಾರಂಟಿ ಕೊಡುವುದು 2 ವರ್ಷ ಅಥವಾ 500 ಚಾರ್ಜ್, ಯಾವುದು ಮೊದಲೋ ಅದು. ನನ್ನ ಬ್ಯಾಟರಿಯಲ್ಲಿ ಇನ್ನೂ ಶೇಕಡ 80ರ ಮೇಲೆ ಉಳಿದಿದೆ. ಕೆಳಗಿನ ಕವರನ್ನು ಕೈಯಿಂದ ಅಲುಗಾಡಿಸಿ ನೋಡಿ, ಅದರ ಬದಲಿ ಸಿಗುತ್ತದಾ ಅಂತ ಅಲ್ಲೇ ಕೇಳಿ. ಹೊಸದೇ ಬೇಕು ಅನ್ನುವವರು ಐದನೇ ತಲೆಮಾರಿನ ಮೋಟಾರು ತಗೊಳ್ಳಿ, ಕಾಯಬೇಡಿ. ಎತ್ತರ ಕಡಿಮೆ ಇದ್ದವರು ಹಿಂದೆ 27.5 ಇಂಚಿನ ಚಕ್ರ ಇರುವುದನ್ನೇ ಕೇಳಿ. ಮುಂದಿನ ವರ್ಷದ ಮಾಡೆಲ್ ಘೋಷಣೆ ಆದ ವಾರವೇ ಅಂಗಡಿಗೆ ಹೋಗಿ, ಈ ವರ್ಷದ್ದಕ್ಕೆ ಎಷ್ಟು ಬಿಡುತ್ತೀರಿ ಅಂತ ವಿಚಾರಿಸಿ. ಹೆಚ್ಚಿನ ಸಲ ಎರಡರ ಮೋಟಾರು ಒಂದೇ ಇರುತ್ತದೆ.